ಮುರಿದವನೇ ಕಟ್ಟಿಸಲಿ

ಕಂಡಕ್ಟರನ ಮಗಳು ಹೊರದೇಶಕ್ಕೆ ಹೋದದ್ದು ಓದುವುದಕ್ಕೆ ಎಂದು ಬೀದಿಗೆಲ್ಲ ಗೊತ್ತಿತ್ತು. ಸೇಡು ತೀರಿಸಿಕೊಳ್ಳುವುದಕ್ಕೆ ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೆ. ವೀಸಾ ಕೊಡುವ ಕೌಂಟರಿನಲ್ಲಿ ಕೂತವನು ಹೋಗುವ ಉದ್ದೇಶವೇನು ಎಂದು ಕೇಳಿದಾಗ "ತರಬೇತಿ" ಅಂದಳು. ಅದೂ ಸುಳ್ಳೇನಲ್ಲ.

ಈ ಸೇಡು ಅವಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಅವಳ ಅಮ್ಮ ಇನ್ನೂ ಲಂಗ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಕಾಲದ್ದು. ಅಮ್ಮನಿಗೊಬ್ಬ ಅಣ್ಣ. ಒಬ್ಬನೇ ಗಂಡುಮಗ, ಆಡಿದ್ದೇ ಆಟ, ಹೂಡಿದ್ದೇ ಲಗ್ಗೆ. ಒಂದು ದಿನ ಗೆಳೆಯರ ಎದುರು ಎರಡೂ ಕೈ ಬಿಟ್ಟು ಸೈಕಲ್ ಹೊಡೆದು ತೋರಿಸಲು ಹೋಗಿ ಚರಂಡಿಗೆ ಬಿದ್ದ. ಗೆಳೆಯರು ನಗಲಿಲ್ಲ, ಅವರಿಗೆ ಅಷ್ಟು ಧೈರ್ಯವಿರಲಿಲ್ಲ. ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ತಂಗಿ ನಕ್ಕಳು. ನಗು ಬಂತು, ನಕ್ಕಳು, ಅಷ್ಟೇ. ಅಣ್ಣ ಎದ್ದು ಬಂದ, ಸೈಕಲ್ಲಿಗೆ ಸಿಕ್ಕಿಸಿದ್ದ ಗಾಳಿ ಪಂಪನ್ನು ಕಿತ್ತ, ಬೀಸಿ ಹೊಡೆದ. ನಗು ಅರ್ಧಕ್ಕೆ ನಿಂತಿತು. ಮೇಲಿನ ಸಾಲಿನ ನಟ್ಟನಡುವಿನ ಎರಡು ಹಲ್ಲು ಮೆಟ್ಟಿಲ ಮೇಲೆ ಬಿದ್ದವು. ಹಾಲುಹಲ್ಲಾಗಿದ್ದರೆ ಮತ್ತೆ ಬರುತ್ತಿದ್ದವು. ಅವು ಹಾಲುಹಲ್ಲಾಗಿರಲಿಲ್ಲ.

"ಮೆಟ್ಟಿಲಿಂದ ಜಾರಿ ಬಿದ್ದಳು" ಎಂದು ಅಣ್ಣ ಮನೆಯವರಿಗೆ ಹೇಳಿದ. ಬಾಯಿ ತುಂಬ ರಕ್ತ ಇದ್ದವಳು ಏನು ಹೇಳಿಯಾಳು? ಗಂಜಿ ಕುಡಿದು ಕುಡಿದು ಬಾಯಿ ವಾಸಿಯಾಗುವ ಹೊತ್ತಿಗೆ ಆ ಸುಳ್ಳು ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿಬಿಟ್ಟಿತ್ತು. ನಿಜ ಹೇಳಿದರೆ "ಅಣ್ಣನ ಮೇಲೆ ಚಾಡಿ ಹೇಳ್ತೀಯಾ" ಎಂದು ಇನ್ನೊಂದು ಏಟು ಬಿತ್ತು.

ಅವತ್ತಿನಿಂದ ಅಮ್ಮನ ಬಲಗೈ ಅವಳ ಬಾಯಿಗೆ ಬಾಗಿಲಾಯಿತು. ನಗು ಬಂದರೆ ಅಂಗೈ ಮೇಲೇಳುತ್ತಿತ್ತು. ಬೀದಿಯ ಮಕ್ಕಳು "ಕಿಟಕಿ" ಎಂದು ಹೆಸರಿಟ್ಟರು. ನೋಡಲು ಬಂದ ಗಂಡುಗಳು ಉಪಚಾರ ಮಾಡಿಸಿಕೊಂಡು, ಊರಿಗೆ ಹೋಗಿ ತಿಳಿಸ್ತೀವಿ ಎಂದು ಹೇಳಿ, ತಿಳಿಸದೇ ಉಳಿದರು. ಕೊನೆಗೆ ಬಂದವನು ಒಬ್ಬ ಬಸ್ ಕಂಡಕ್ಟರ್. ಹುಡುಗಿಯ ಬಾಯಿ ಹೀಗೆ ಎಂದು ಹಿರಿಯರು ತಡವರಿಸಿಕೊಂಡು ಹೇಳಿದಾಗ ಅವನು, "ದಿನಾ ನೂರಾರು ಜನದ ಬಾಯಿ ನೋಡ್ತೀನಿ ಸ್ವಾಮಿ. ಮೂವತ್ತೆರಡು ಹಲ್ಲಿರೋರೇ ಚಿಲ್ಲರೆಗೆ ಜಗಳ ಆಡೋದು" ಅಂದ. ಅಂಥವನಿಗೆ ಹೆಣ್ಣು ಕೊಡದೆ ಇನ್ಯಾರಿಗೆ ಕೊಡಬೇಕು?

ಮದುವೆಯಾದ ಮೇಲೆ ಕಂಡಕ್ಟರು ಹೆಂಡತಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನೋಡಿದ. ಅವಳು ಅಲ್ಲಾಡಲಿಲ್ಲ.

"ಮುರಿದವನೇ ಕಟ್ಟಿಸಲಿ" ಅಂದಳು. "ಅವನು ಕಟ್ಟಿಸೋ ತನಕ ನಾನು ಹೀಗೇ ಇರ್ತೀನಿ. ಸತ್ತರೂ ಹೀಗೇ ಸಾಯ್ತೀನಿ."

ಕಂಡಕ್ಟರು ಪ್ರತಿ ವರ್ಷ ಒಮ್ಮೆ ಕೇಳುತ್ತಿದ್ದ, ಅವಳು ಪ್ರತಿ ವರ್ಷ ಅದನ್ನೇ ಹೇಳುತ್ತಿದ್ದಳು. ಮಗಳು ಇದನ್ನು ಕೇಳಿಕೊಂಡೇ ಬೆಳೆದಳು. ಸ್ಕೂಲಿನಲ್ಲಿ ಯಾರೋ "ನಿಮ್ಮಮ್ಮನ ಕಿಟಕಿ ಮುಚ್ಚಿಲ್ಲ, ಸೊಳ್ಳೆ ಹೋಗುತ್ತೆ" ಎಂದು ಆಡಿಕೊಂಡಾಗ ಅವನ ಕೈ ಕಚ್ಚಿದಳು. ಅಮ್ಮನಿಗೆ ಇಲ್ಲದ ಹಲ್ಲು ಮಗಳಿಗೆ ಬಂದಿದೆ ಎಂದು ಮೇಷ್ಟ್ರು ದೂರು ಹೇಳಿ ಕಳಿಸಿದರು.

ಇನ್ನು ಆ ಅಣ್ಣನ ಕತೆ. ಹೊರದೇಶಕ್ಕೆ ಹೋದ, ಅಲ್ಲೇ ನೆಲೆ ನಿಂತ. ಏನು ಮಾಡಿ ದೊಡ್ಡವನಾದ ಅಂತೀರಿ? ಹಲ್ಲು ಕಟ್ಟಿ! ಡಾಕ್ಟರುಗಳು ತೆಗೆದು ಕಳಿಸುವ ಬಾಯಿಯ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಮಾಡಿಕೊಡುವ ಕೆಲಸ. ಮೊದಲು ಯಾರದೋ ಅಂಗಡಿಯಲ್ಲಿ ಕೂಲಿ, ಆಮೇಲೆ ಸ್ವಂತದ್ದೇ ಲ್ಯಾಬು. ತಂಗಿಯ ಹಲ್ಲು ಮುರಿದ ಕೈಯಿಂದಲೇ ಊರವರ ಬಾಯಿ ತುಂಬಿಸಿದ. ಮೇಲಿರುವವನಿಗೂ ಒಮ್ಮೊಮ್ಮೆ ತಮಾಷೆ ಮಾಡುವ ಚಟ.

ಒಮ್ಮೆ ಅವನು ಊರಿಗೆ ಬಂದಿದ್ದ. ತಂಗಿಗೆ ಪರಿಮಳದ ಸೋಪು ತಂದುಕೊಟ್ಟ. ಅವಳು ಅಂಗೈ ಅಡ್ಡ ಹಿಡಿದು ಮಾತಾಡುವಾಗ ಬೆರಳ ಸಂದಿಯಿಂದ ಅವಳ ಬಾಯಿಯನ್ನು ಕಸುಬಿನವನ ಕಣ್ಣಿನಿಂದ ನೋಡಿದ. "ಇದಕ್ಕೆ ನಮ್ಮ ಕಡೆ ಬಹಳ ಖರ್ಚಾಗುತ್ತೆ" ಎಂದು ಹೇಳಿ ಹೊರಟುಹೋದ. ಅಮ್ಮ ಆ ಸೋಪನ್ನು ಒಡೆಯಲೇ ಇಲ್ಲ. ಬಚ್ಚಲ ಗೂಡಿನಲ್ಲಿ ಅದು ಕಾಗದದ ಸಮೇತ ಒಣಗಿ ಬಿರುಕು ಬಿಟ್ಟಿತು.

ಮಗಳು ಹಲ್ಲು ಕಟ್ಟುವ ಡಿಪ್ಲೊಮಾವನ್ನೇ ಆರಿಸಿಕೊಂಡದ್ದು ಯಾಕೆ ಎಂದು ಬೇರೆ ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ಅಚ್ಚು ತೆಗೆಯುವ ಪಾಠ ಆದ ದಿನವೇ ಅಮ್ಮನ ಬಾಯಿಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದಳು. "ನಿನ್ನ ಪಾಠಕ್ಕೆ ಬೇಕಾದರೆ ತಗೋ. ಹಲ್ಲು ಮಾತ್ರ ಕಟ್ಟಬೇಡ" ಎಂದು ಅಮ್ಮ ಷರತ್ತು ಹಾಕಿಯೇ ಬಾಯಿ ತೆರೆದಿದ್ದಳು. ಕೊನೆಯ ವರ್ಷ ಎಲ್ಲಾದರೂ ಲ್ಯಾಬಿನಲ್ಲಿ ಕೆಲಸ ಮಾಡಿ ಕಲಿಯಬೇಕು ಎಂಬ ನಿಯಮ ಬಂದಾಗ ಮಗಳು ಮಾವನಿಗೆ ಫೋನ್ ಮಾಡಿದಳು. ಸಂಬಳವಿಲ್ಲದೆ ದುಡಿಯುವ ಎರಡು ಕೈ ತಾವಾಗಿ ಬರುತ್ತೇವೆ ಅಂದರೆ ಯಾವ ಮಾವ ಬೇಡ ಅಂತಾನೆ?

"ಕಳಿಸು ಕಳಿಸು" ಎಂದು ತಂಗಿಗೆ ಹೇಳಿದ. "ಮಗಳ ಹಾಗೆ ನೋಡ್ಕೋತೀವಿ."

ಮಗಳ ಹಾಗೆ ನೋಡಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಪಾತ್ರೆ ತೊಳೆಯುವಾಗ ಮಗಳು, ಬಟ್ಟೆ ಮಡಿಸುವಾಗ ಮಗಳು, ಊಟಕ್ಕೆ ನೆಂಟರು ಬಂದರೆ "ನಮ್ಮ ಲ್ಯಾಬಿನ ಹುಡುಗಿ". ಅತ್ತೆಯ ನಾಲಿಗೆಗೆ ಹಾಗೆ ಎರಡು ಮಗ್ಗುಲು. ಮಲಗಲು ಲ್ಯಾಬಿನ ಹಿಂದಿನ ಉಗ್ರಾಣ ಕೊಟ್ಟರು. ಮಂಚದ ಮೂರು ಕಡೆ ಕಪಾಟು, ಕಪಾಟಿನ ತುಂಬ ಹಳೆಯ ಗಿರಾಕಿಗಳ ಪ್ಲಾಸ್ಟರ್ ದವಡೆಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಗುರುತಿಲ್ಲದವರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಮೊದಲ ವಾರ ಹೆದರಿಕೆಯಾಯಿತು. ಆಮೇಲೆ ಅವಳೇ ಅವರಿಗೆ ಗುಡ್ ಮಾರ್ನಿಂಗ್ ಹೇಳತೊಡಗಿದಳು.

ಅರ್ಧ ದಿನ ಊರಿನ ಕಾಲೇಜಿನವರು ಗೊತ್ತುಮಾಡಿದ್ದ ಅಲ್ಲಿಯ ಕಾಲೇಜು, ಅರ್ಧ ದಿನ ಲ್ಯಾಬು. ಲ್ಯಾಬಿನಲ್ಲಿ ಅವಳಲ್ಲದೆ ಇನ್ನೊಬ್ಬಳಿದ್ದಳು, ಆ ಹೊರದೇಶದವಳೇ. ಪ್ಲಾಸ್ಟರ್ ಕಲಸುವುದು, ಎರಕ ಹೊಯ್ಯುವುದು, ಸೆಟ್ಟಿಗೆ ಹೊಳಪು ಕೊಡುವುದು ಅವಳ ಪಾಲು. ಸದಾ ಮೊಣಕೈವರೆಗೆ ಬಿಳಿ. ಹುಡುಗಿ ಅವಳನ್ನು ಪ್ಲಾಸ್ಟರ್ ಅಕ್ಕ ಅಂತಲೇ ಕರೆದಳು, ಅರ್ಥ ಹೇಳಿದ ಮೇಲೆ ಅಕ್ಕನಿಗೂ ಅದು ಹಿಡಿಸಿತು. ಹುಡುಗಿಯ ಪಾಲಿನದು ಮೇಣದ ಕೆಲಸ. ಅಚ್ಚಿನ ಮೇಲೆ ಮೇಣದ ದಿಂಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲನ್ನು ಕೂರಿಸಿ, ಸ್ಪಿರಿಟ್ ದೀಪದಲ್ಲಿ ಕಾಯಿಸಿದ ಚಾಕುವಿನಿಂದ ವಸಡು ತಿದ್ದಬೇಕು. ಮುಂದಿನ ಆರು ಹಲ್ಲು ಕಂಪನಿಯಿಂದಲೇ ಒಂದೇ ಪಟ್ಟಿಯಲ್ಲಿ ಬರುತ್ತವೆ, ಅಳತೆ ಬಣ್ಣ ಎಲ್ಲ ಹೊಂದಿಸಿ. ಮೇಣದಲ್ಲಿ ಕೂರಿಸಿದ್ದನ್ನು ಬಾಯಲ್ಲಿಟ್ಟು ನೋಡಿ, ಸರಿ ಅನಿಸಿದ ಮೇಲೆ ಮೇಣದ ಜಾಗಕ್ಕೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಕುದಿಸಿದರೆ ಕಲ್ಲಾಗುತ್ತದೆ. ಹುಡುಗಿಯ ಕೈಗೆ ಈ ಕೆಲಸ ಚೆನ್ನಾಗಿ ಒಲಿಯಿತು. ಮಾವನ ಕೈ ಆಗಲೇ ನಡುಗಲು ಶುರುವಾಗಿತ್ತು.

ಮೊದಲು ಅವಳು ನೇರವಾಗಿಯೇ ಕೇಳಿದಳು. ಸೇಡಿಗೂ ಒಂದು ಮರ್ಯಾದೆ ಇದೆ, ಕೇಳದೆ ಕಸಿಯಬಾರದು ಎಂದುಕೊಂಡಿದ್ದಳು. ಅಮ್ಮನ ಅಚ್ಚನ್ನು ಟವೆಲಿನಿಂದ ಬಿಡಿಸಿ ಮಾವನ ಮೇಜಿನ ಮೇಲಿಟ್ಟಳು.

"ಮಾವ, ಅಮ್ಮನಿಗೆ ಎರಡು ಹಲ್ಲು ನೀವೇ ಕಟ್ಟಿ ಕೊಡ್ತೀರಾ?"

ಮಾವ ಅಚ್ಚನ್ನು ತಿರುಗಿಸಿ ನೋಡಿದ. "ಈ ವಯಸ್ಸಲ್ಲಿ ಅವಳ ಬಾಯಿ ಯಾರು ನೋಡಬೇಕಾಗಿದೆ? ಇಷ್ಟು ದಿನ ನಡೆದಿಲ್ವಾ?" ಅಂದ. ಅಷ್ಟರಲ್ಲಿ ಕಿಟಕಿಯ ಗಾಳಿಗೆ ಮೇಜಿನ ಮೇಲಿನ ಬಿಲ್ಲುಗಳು ಹಾರಿದವು. ಮಾವ ಅವನ್ನು ಒಟ್ಟುಮಾಡಿ ಅಮ್ಮನ ದವಡೆಯನ್ನು ಅದರ ಮೇಲೆ ಕುಕ್ಕಿದ. ಆಮೇಲೆ ಅದು ಅಲ್ಲೇ ಉಳಿಯಿತು. ಗಾಳಿ ಬೀಸಿದಾಗೆಲ್ಲ ಅಮ್ಮನ ಬಾಯಿ ಅವನ ಬಿಲ್ಲುಗಳನ್ನು ಕಚ್ಚಿ ಹಿಡಿಯುತ್ತಿತ್ತು.

ಆ ದಿನ ಹುಡುಗಿ ತಾನು ಏನು ಮಾಡಬೇಕು ಎಂದು ಯೋಚಿಸುವುದನ್ನು ಬಿಟ್ಟಳು, ಯಾವಾಗ ಮಾಡಬೇಕು ಎಂದು ಯೋಚಿಸತೊಡಗಿದಳು. ಲ್ಯಾಬಿನದನ್ನೆಲ್ಲ ಒಡೆದು ಹಾಕಿ ಓಡಿಬರುವುದು ಸುಲಭ. ಅದರಿಂದ ಅಮ್ಮನಿಗೇನು ಬಂತು? ಅವನ ಕೈಯಿಂದಲೇ, ಅವನ ಲ್ಯಾಬಿನಿಂದಲೇ ಹಲ್ಲು ಬರಬೇಕು, ಮತ್ತು ಅವನಿಗೆ ಉರಿಯಬೇಕು.

ಹಲ್ಲುಕಚ್ಚಿ ದುಡಿದಳು. ತಯಾರಾದ ಸೆಟ್ಟುಗಳನ್ನು ಊರೂರಿನ ಡಾಕ್ಟರುಗಳಿಗೆ ತಲುಪಿಸುವ ಕೆಲಸವೂ ಅವಳ ತಲೆಗೇ ಬಂತು. ರೈಲು, ಬಸ್ಸು, ಮತ್ತೆ ರೈಲು. ತೊಡೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಯಾರ್ಯಾರದೋ ನಗು. ಟಿಕೆಟ್ ನೋಡಲು ಬಂದವನನ್ನು ಕಂಡಾಗೆಲ್ಲ ಅಪ್ಪನ ನೆನಪಾಗಿ ಎದ್ದು ನಿಲ್ಲುವಂತಾಗುತ್ತಿತ್ತು. ರಜೆಯಲ್ಲಿ ಪ್ಲಾಸ್ಟರ್ ಅಕ್ಕ ಅವಳನ್ನು ದೇಶದ ಇನ್ನೊಂದು ತುದಿಯ ಸಮುದ್ರಕ್ಕೆ ಕರೆದುಕೊಂಡು ಹೋದಳು. ಎಲ್ಲರೂ ಸಮುದ್ರ ನೋಡಿದರು. ಇವಳು ಸಮುದ್ರ ನೋಡಿ ನಗುವವರ ಹಲ್ಲು ನೋಡಿದಳು. ಯಾರ ಹಲ್ಲು ಸ್ವಂತದ್ದು, ಯಾರದ್ದು ಕಟ್ಟಿಸಿದ್ದು ಎಂದು ಹೇಳುತ್ತ ಹೋದಳು, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದು ಸಲ ಸರೋವರದ ದಡದ ಊರಿನ ವೃದ್ಧಾಶ್ರಮಕ್ಕೆ ಸೆಟ್ಟು ತಲುಪಿಸಲು ಹೋಗಿದ್ದಳು. ಹಲ್ಲು ಹಾಕಿಕೊಂಡ ಅಜ್ಜಿ ಕನ್ನಡಿ ನೋಡಿ ಮೊದಲು ಬೆಚ್ಚಿದಳು. ಆಮೇಲೆ ಬಾಯಿ ಅಗಲಿಸಿ ನಕ್ಕಳು, ನರ್ಸನ್ನು ಕರೆದು ತೋರಿಸಿ ನಕ್ಕಳು, ಗೋಡೆಯ ಕಡೆ ತಿರುಗಿಯೂ ನಕ್ಕಳು. ಹುಡುಗಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ನೀರಿನ ಪಕ್ಕದ ಬೆಂಚಿನ ಮೇಲೆ ಕೂತು ಅತ್ತಳು. ದುಃಖಕ್ಕಲ್ಲ, ಸಿಟ್ಟಿಗೆ. ಎಲ್ಲಿಯದೋ ದೇಶದ ಯಾರದೋ ಅಜ್ಜಿಗೆ ಸಿಕ್ಕಿದ್ದು ತನ್ನ ಅಮ್ಮನಿಗೆ ಯಾಕಿಲ್ಲ ಎಂಬ ಸಿಟ್ಟು ಅವಳನ್ನು ವಾಪಸು ಬರುವ ರೈಲಿನುದ್ದಕ್ಕೂ ಬಿಡಲಿಲ್ಲ.

ಕಾದವರಿಗೆ ಕಾಲ ಬರುತ್ತದೆ. ಚಳಿ ಮುಗಿಯುವ ಹೊತ್ತಿಗೆ ಮಾವನ ವಸಡು ಕೆಟ್ಟಿತು. ಬಹಳ ದಿನದ ಕೀವು. ದೂರದ ಊರಿನ ಡಾಕ್ಟರು ಮೇಲಿನ ಸಾಲನ್ನು ಪೂರ್ತಿ ತೆಗೆದುಹಾಕಿದ. ಅದೇ ಸಮಯಕ್ಕೆ ಹಲ್ಲು ಕಟ್ಟುವವರ ಸಂಘದವರು ಮಾವನಿಗೆ ಸನ್ಮಾನ ಗೊತ್ತುಮಾಡಿದ್ದರು. ಶಾಲು, ಫಲಕ, ಮಾವನಿಂದ ಎರಡು ಮಾತು. ಈಗ ನೋಡಬೇಕಿತ್ತು ಮಾವನ ಪಾಡನ್ನು! ಬೇರೆ ಲ್ಯಾಬಿಗೆ ಹೋದರೆ ಹಲ್ಲು ಕಟ್ಟುವವನಿಗೇ ಹಲ್ಲಿಲ್ಲ ಎಂದು ಸಂಘವೆಲ್ಲ ನಗುತ್ತದೆ. ತಾನೇ ಕಟ್ಟಿಕೊಳ್ಳೋಣವೆಂದರೆ ಕೈ ನಡುಗುತ್ತದೆ. ಮನೆಯಲ್ಲಿ ಮಾಸ್ಕು ಹಾಕಿಕೊಂಡು ಕೂತ. ಮಾಸ್ಕು ತೆಗೆದಾಗ ಯಾರಾದರೂ ಬಂದರೆ ಅವನ ಬಲಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಹುಡುಗಿ ಕೆಲಸ ಬಿಟ್ಟು ಅದನ್ನೇ ನೋಡುತ್ತಿದ್ದಳು. ಥೇಟ್ ಅಮ್ಮನ ಕೈ. ಅದನ್ನು ನೋಡಿದ ದಿನ ಅವಳಿಗೆ ಊಟ ರುಚಿಸುತ್ತಿತ್ತು.

"ನೀನೇ ಕಟ್ಟಿಬಿಡು" ಅಂದ ಮಾವ. "ಹೊರಗೆ ಬಾಯಿ ಬಿಡಬೇಡ."

"ನಾನು ಬಿಡಲ್ಲ ಮಾವ."

ಅವಳೇ ಅವನ ಬಾಯಿಯ ಅಚ್ಚು ತೆಗೆದಳು. ಎರಕ ಗಟ್ಟಿಯಾದ ಮೇಲೆ ಅದನ್ನು ಮಾವನ ಮೇಜಿನ ಮೇಲಿದ್ದ ಅಮ್ಮನ ಅಚ್ಚಿನ ಪಕ್ಕ ಹಿಡಿದಳು. ಅದೇ ಅಗಲ, ಅದೇ ಬಾಗು, ಅಂಗುಳಿನಲ್ಲಿ ಅದೇ ಉಬ್ಬು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿ ಬೇರೆ ಬೇಕಾಗಿರಲಿಲ್ಲ. ಅವನಿಗೆ ಸರಿಹೊಂದುವ ಹಲ್ಲು ಅಮ್ಮನಿಗೂ ಹೊಂದುತ್ತದೆ. ಹುಡುಗಿಯ ಉಪಾಯಕ್ಕೆ ಆಗ ಕಾಲು ಬಂತು.

ಮಾವ ಅಚ್ಚ ಬಿಳಿ ಹಲ್ಲು ಬೇಕು ಅಂದ. "ವಯಸ್ಸಿಗೆ ತಕ್ಕ ಬಣ್ಣ ಇದ್ದರೆ ಕಟ್ಟಿಸಿದ್ದು ಅಂತ ಯಾರಿಗೂ ಗೊತ್ತಾಗಲ್ಲ ಮಾವ" ಎಂದು ಅವಳು ಅವನ ಪಾಠವನ್ನು ಅವನಿಗೇ ಒಪ್ಪಿಸಿದಳು. ಒಂಚೂರು ಹಳದಿಗೆ ತಿರುಗಿದ ಬಣ್ಣ ಆರಿಸಿದಳು. ಅದು ಅಮ್ಮನ ಉಳಿದ ಹಲ್ಲುಗಳ ಬಣ್ಣ. ಮೇಣದಲ್ಲಿ ಎಲ್ಲ ಹಲ್ಲನ್ನೂ ಕೂರಿಸಿ ಮಾವನ ಬಾಯಲ್ಲಿಟ್ಟು ತೋರಿಸಿದಳು. ಮಾವ ಕನ್ನಡಿಯಲ್ಲಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ನಕ್ಕ, ಭಾಷಣದ ಮೊದಲ ಸಾಲು ಹೇಳಿ ನೋಡಿದ. ಅತ್ತೆಯನ್ನು ಕರೆದು ತೋರಿಸಿದ. ಅತ್ತೆ, "ಮದುವೆ ಗಂಡಿನ ಹಾಗೆ ಕಾಣ್ತೀರಿ" ಅಂದಳು.

ಅವರು ಆಚೆ ಹೋದ ಮೇಲೆ ಹುಡುಗಿ ಚಾಕು ಕಾಯಿಸಿದಳು. ಆರರ ಪಟ್ಟಿಯಲ್ಲಿ ನಟ್ಟನಡುವಿನ ಎರಡು ಹಲ್ಲನ್ನು ಮೇಣದಿಂದ ಬಿಡಿಸಿ ತೆಗೆದಳು. ಖಾಲಿಯಾದ ಜಾಗವನ್ನು ಹಾಗೇ ವಸಡಿನಂತೆ ತಿದ್ದಿದಳು. ಬಿಲ್ಲುಗಳ ಮೇಲಿಂದ ಅಮ್ಮನ ಅಚ್ಚನ್ನು ಎತ್ತಿಕೊಂಡಳು. ಆ ಎರಡು ಹಲ್ಲನ್ನು ಅಮ್ಮನ ಅಚ್ಚಿನ ಮೇಲೆ ಕೂರಿಸಿದಾಗ ಬದಿ ಸ್ವಲ್ಪ ಉಜ್ಜಬೇಕಾಯಿತು, ಅಷ್ಟೇ. ಅಣ್ಣನ ಸೆಟ್ಟು, ತಂಗಿಯ ಎರಡು ಹಲ್ಲು, ಎರಡನ್ನೂ ಅವನದೇ ಗುಲಾಬಿ ಹಿಟ್ಟಿನಿಂದ ತುಂಬಿ ಒಂದೇ ಪಾತ್ರೆಯ ನೀರಿನಲ್ಲಿ ಕುದಿಸಿದಳು. ಹೊಳಪು ಕೊಡಲು ಕೂತ ಪ್ಲಾಸ್ಟರ್ ಅಕ್ಕ ಸೆಟ್ಟನ್ನು ನೋಡಿದಳು, ಹುಡುಗಿಯನ್ನು ನೋಡಿದಳು.

"ನೀನು ಎಣಿಕೆ ತಪ್ಪೋ ಹುಡುಗಿ ಅಲ್ಲ" ಅಂದಳು.

"ಅಲ್ಲ" ಅಂದಳು ಹುಡುಗಿ. ಅಕ್ಕ ಹೊಳಪಿನ ಯಂತ್ರ ಶುರುಮಾಡಿದಳು.

ಸನ್ಮಾನದ ದಿನ ಬೆಳಿಗ್ಗೆ ಹುಡುಗಿ ಡಬ್ಬಿಯನ್ನು ಮಾವನ ಕೈಗಿಟ್ಟಳು. ಎಷ್ಟು ತಿಂಗಳಿಂದ ಈ ಗಳಿಗೆಯನ್ನು ಮನಸ್ಸಿನಲ್ಲಿ ನಡೆಸಿ ನೋಡಿದ್ದಳೋ! ಅವನು ಡಬ್ಬಿ ತೆರೆಯುತ್ತಾನೆ, ನಡುವಿನ ಖಾಲಿ ಜಾಗ ಕಾಣುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಕುರ್ಚಿ ಹುಡುಕಿಕೊಂಡು ಕುಸಿದು ಕೂರುತ್ತಾನೆ.

ಮಾವ ಡಬ್ಬಿ ತೆರೆದ. ಮುಖ ಕೆಂಪಾಯಿತು.

"ಏನೇ ಇದು? ಎಣಿಸೋಕೂ ಬರಲ್ವಾ ನಿಂಗೆ? ಆರು ಇರಬೇಕಾದ ಕಡೆ ನಾಲ್ಕು ಇದೆ!"

"ನೆನಪಾಗ್ಲಿಲ್ವಾ ಮಾವ?"

"ಏನು ನೆನಪಾಗೋದು? ತಲೆ ಎಲ್ಲಿಟ್ಟಿದ್ದೆ? ಸಂಜೆ ಕಾರ್ಯಕ್ರಮ ಇಟ್ಕೊಂಡು!"

ಅವಳು ಎಲ್ಲ ಲೆಕ್ಕ ಹಾಕಿದ್ದಳು, ಇದೊಂದನ್ನು ಬಿಟ್ಟು. ಅವಳ ಮನೆಯಲ್ಲಿ ಆ ಎರಡು ಹಲ್ಲು ದಿನಾ ಊಟಕ್ಕೆ ಕೂರುತ್ತಿದ್ದವು, ಹಾಸಿಗೆ ಹಾಸುವಾಗಲೂ ಇರುತ್ತಿದ್ದವು. ಅವನ ಮನೆಯಲ್ಲಿಯೂ ಇರುತ್ತವೆ ಎಂದುಕೊಂಡಿದ್ದಳು. ಗಾಯ ಮಾಡಿದವನು ಗಾಯವನ್ನು ಜತೆಗೆ ಹೊತ್ತು ತಿರುಗುವುದಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಸೈಕಲ್ ಪಂಪು, ಮಾವ" ಅಂದಳು.

"ಯಾವ ಪಂಪು?"

"ನೀವು ಚರಂಡಿಗೆ ಬಿದ್ದಿದ್ದು, ಅಮ್ಮ ನಕ್ಕಿದ್ದು, ನೀವು ಹೊಡೆದಿದ್ದು."

"ಓ, ಅದಾ?" ಮಾವನ ಸ್ವರ ಸಡಿಲವಾಯಿತು. "ಅವಳು ಮೆಟ್ಟಿಲಿಂದ ಜಾರಿ ಬಿದ್ದಳಲ್ಲ. ಒಳಗೆ ಎತ್ತಿಕೊಂಡು ಹೋದೋನೇ ನಾನು. ಅವಳು ಏನೇನು ಕತೆ ಹೇಳಿದ್ದಾಳೆ ನಿಂಗೆ?"

ಹುಡುಗಿಗೆ ಸಿಟ್ಟು ನೆತ್ತಿಗೇರಿತು. ಆದರೂ ಧ್ವನಿ ಏರಿಸಲಿಲ್ಲ.

"ಅಮ್ಮನಿಗೆ ಫೋನ್ ಮಾಡಿ ಮಾವ. 'ನೀನು ಬೀಳಲಿಲ್ಲ, ನಾನೇ ಹೊಡೆದೆ' ಅಂತ ಒಂದೇ ಒಂದು ಮಾತು ಹೇಳಿ. ಸಂಜೆಯೊಳಗೆ ಬೇರೆ ಎರಡು ಹಲ್ಲು ಕೂರಿಸಿ ಕೊಡ್ತೀನಿ. ಹೇಳದಿದ್ದರೆ ಮುಟ್ಟಲ್ಲ."

ಮಾವನ ಕೈ ಜೇಬಿಗೆ ಹೋಯಿತು, ಫೋನಿನ ತನಕ ಹೋಯಿತು, ಅಲ್ಲೇ ನಿಂತಿತು. ನಿಜವಾಗಿ ಮರೆತವನ ಕೈ ಹಾಗೆ ನಿಲ್ಲುವುದಿಲ್ಲ. ಹುಡುಗಿ ಅದನ್ನು ಕಂಡಳು, ಅವಳು ಕಂಡದ್ದನ್ನು ಅವನೂ ಕಂಡ. ಕೈ ಖಾಲಿಯಾಗಿಯೇ ಹೊರಗೆ ಬಂತು.

"ಚೋಟುದ್ದ ಇದ್ದೀಯ, ನನಗೆ ಷರತ್ತು ಹಾಕ್ತೀಯಾ? ನಿನ್ನ ಕಾಲೇಜಿಗೆ ಹೇಳ್ತೀನಿ, ಇವಳಿಗೆ ಕೆಲಸ ಬರಲ್ಲ ಅಂತ. ಹೇಗೆ ಪಾಸಾಗ್ತೀಯ ನೋಡ್ತೀನಿ."

"ಹೇಳಿ ಮಾವ."

"ಆ ಎರಡು ಹಲ್ಲು ಎಲ್ಲಿ?"

"ಸೇರಬೇಕಾದ ಕಡೆ ಸೇರಿವೆ."

ಸಂಜೆ ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಅತ್ತೆ ಹೊಸ ಬಟ್ಟೆಯಲ್ಲಿ ಬಾಡಿದ ಮುಖ ಹೊತ್ತು ಕೂತಿದ್ದಳು. ಹಿಂದಿನ ಸಾಲಿನಲ್ಲಿ ಹುಡುಗಿ, ಪಕ್ಕದಲ್ಲಿ ಪ್ಲಾಸ್ಟರ್ ಅಕ್ಕ. ಮಾವ ಆ ಸೆಟ್ಟನ್ನೇ ಹಾಕಿಕೊಂಡು ಬಂದಿದ್ದ, ಬೊಚ್ಚುಬಾಯಿಗಿಂತ ಅದೇ ವಾಸಿ ಎಂದು. ಶಾಲು ಹೊದಿಸಿದರು. ಮೈಕಿನ ಮುಂದೆ ಬಂದು ನಿಂತ. ಮಾತಿಗೆ ಮೊದಲು ಬಲಗೈ ಮೇಲೆದ್ದು ಬಾಯಿಯ ಮುಂದೆ ನಿಂತಿತು. ಅಂಗೈ ಹಿಂದಿನಿಂದ ಎರಡು ಮಾತು ಶಿಳ್ಳೆಯಂತೆ ಗಾಳಿ ಸೇರಿ ಹೊರಬಂದವು, ಮೂರನೆಯದು ಬರಲಿಲ್ಲ. ಜನ ಏನು ತಿಳಿದುಕೊಂಡರು ಗೊತ್ತೇ? ಮನಸ್ಸು ತುಂಬಿ ಗಂಟಲು ಕಟ್ಟಿದೆ ಎಂದು! ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗಿಗೆ ಮೈಯೆಲ್ಲ ಉರಿಯಿತು. ಕಳ್ಳನಿಗೆ ಹಾರ ಹಾಕಿದ ಹಾಗಾಯಿತಲ್ಲ ಎಂದು ಎದ್ದು ಹೊರಗೆ ಹೋಗಲು ನೋಡಿದಳು. ಅಕ್ಕ ಕೈ ಹಿಡಿದು ಕೂರಿಸಿದಳು.

ಒಳ್ಳೆಯದೇ ಆಯಿತು. ಸಂಘದ ಅಧ್ಯಕ್ಷ ಮೈಕ್ ತೆಗೆದುಕೊಂಡು, ಮಾವ ಹೊಸದರಲ್ಲಿ ಒಬ್ಬನ ಹಲ್ಲನ್ನು ಇನ್ನೊಬ್ಬನಿಗೆ ಕಳಿಸಿ, ಆ ಇಬ್ಬರೂ ಅಂಗಡಿಗೇ ಬಂದು ಜಗಳವಾಡಿದ ಕತೆ ಹೇಳಿದ. ಸಭೆಗೆ ಸಭೆಯೇ ಬಾಯಿ ತೆರೆದು ನಕ್ಕಿತು. ಅಲ್ಲಿದ್ದವರೆಲ್ಲ ಹಲ್ಲಿನವರೇ, ಅವರ ಬಾಯಿಗೇನು ಕಮ್ಮಿ? ನಗದೇ ಇರಲಾಗದೆ ಮಾವನೂ ನಕ್ಕ. ಅಂಗೈ ಬಿಗಿಯಾಗಿ ಬಾಯಿಗೆ ಒತ್ತಿಕೊಂಡು, ತಲೆ ತಗ್ಗಿಸಿ, ಭುಜ ಕುಗ್ಗಿಸಿ ನಕ್ಕ. ಕಣ್ಣುಗಳು ಮಾತ್ರ ಯಾರು ನೋಡಿದರು, ಯಾರು ನೋಡಿದರು ಎಂದು ಅತ್ತ ಇತ್ತ ಓಡುತ್ತಿದ್ದವು. ಇಷ್ಟು ವರ್ಷ ಅಮ್ಮ ನಕ್ಕದ್ದು ಹೀಗೆಯೇ. ಹುಡುಗಿ ಫೋನ್ ಎತ್ತಿ ಫೋಟೋ ತೆಗೆದಳು.

ಮಾರನೆಯ ದಿನ ಅತ್ತೆ ಅವಳ ಪೆಟ್ಟಿಗೆಯನ್ನು ಬಾಗಿಲಾಚೆ ಇಟ್ಟಳು. "ಉಂಡ ಮನೆಗೆ ಎರಡು ಬಗೆದೆಯಲ್ಲೇ" ಅಂದಳು. ಮಾವ ಮಾತಿಗೆ ತಪ್ಪುವವನಲ್ಲ, ಕಾಲೇಜಿಗೆ ಹೇಳಿದ. ಅವಳ ತರಬೇತಿ ಲೆಕ್ಕಕ್ಕೆ ಬರಲಿಲ್ಲ. ಇನ್ನೊಂದು ಕಡೆ ಮತ್ತೆ ಮೊದಲಿಂದ ಮಾಡಬೇಕು, ಓದು ಮುಗಿಯುವುದು ಅಷ್ಟು ತಡ. ಹುಡುಗಿಗೆ ಅದು ಮೊದಲೇ ಗೊತ್ತಿತ್ತು. ಮಾವ ಆಮೇಲೆ ಪಕ್ಕದ ಊರಿನ ಲ್ಯಾಬಿಗೇ ಹೋಗಿ ಹಲ್ಲು ಕಟ್ಟಿಸಿಕೊಂಡ, ಸುದ್ದಿ ಸಂಘದವರಿಗೆಲ್ಲ ಗೊತ್ತಾಯಿತು ಎಂದು ಪ್ಲಾಸ್ಟರ್ ಅಕ್ಕ ಫೋನ್ ಮಾಡಿ ಹೇಳಿದಳು.

ಮನೆಗೆ ಬಂದ ದಿನ ಅವಳು ಪೆಟ್ಟಿಗೆಯನ್ನೂ ಬಿಚ್ಚಲಿಲ್ಲ. ಟವೆಲಿನ ಗಂಟು ಬಿಡಿಸಿ ಪುಟ್ಟ ಡಬ್ಬಿಯನ್ನು ಅಮ್ಮನ ಮಡಿಲಿಗೆ ಹಾಕಿದಳು. ಕಂಡಕ್ಟರು ಡ್ಯೂಟಿಯಿಂದ ಆಗಷ್ಟೇ ಬಂದು ಚೀಲ ಇಳಿಸುತ್ತಿದ್ದ.

ಅಮ್ಮ ಗುಲಾಬಿ ವಸಡಿನ ಮೇಲೆ ಜೋಡಿಯಾಗಿ ನಿಂತ ಎರಡು ಹಲ್ಲನ್ನು ಬೆಳಕಿಗೆ ಹಿಡಿದಳು.

"ಕಟ್ಟಬೇಡ ಅಂದಿದ್ದೆ ನಾನು."

"ಮಾವನ ಬಾಯಿಗೆ ಹೋಗಬೇಕಾಗಿದ್ದ ಹಲ್ಲು ಇದು. ಅವನ ಲ್ಯಾಬಿನದ್ದೇ" ಎಂದು ಮಗಳು ಎಲ್ಲವನ್ನೂ ಹೇಳಿದಳು. ಬಿಲ್ಲಿನ ಮೇಲೆ ಕೂತ ದವಡೆ, ಖಾಲಿ ಬಿಟ್ಟ ಜಾಗ, ಜೇಬಿನ ತನಕ ಹೋಗಿ ನಿಂತ ಕೈ.

ಅಮ್ಮ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಅವನಾಗಿ ಕೊಟ್ಟನಾ?"

ಸುಳ್ಳು ಹೇಳಿಬಿಡೋಣ ಎಂದು ಮಗಳಿಗೆ ಒಂದು ಗಳಿಗೆ ಅನಿಸಿತು. ಅಮ್ಮನ ಬಾಳಿನಲ್ಲಿ ಒಂದು ಸುಳ್ಳು ಮಾಡಿದ್ದೇ ಸಾಕಾಗಿತ್ತು.

"ಇಲ್ಲಮ್ಮ. ಅವನನ್ನ ಕೇಳದೆ ತಗೊಂಡೆ."

ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. ಕಂಡಕ್ಟರು ಕೆಮ್ಮಿದ. ಈಗ ಬೇಡ ಅಂದುಬಿಟ್ಟರೆ ತಾನು ಕಳೆದುಕೊಂಡದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ ಎಂದು ಮಗಳು ಅಮ್ಮನ ಬೆರಳನ್ನೇ ನೋಡಿದಳು.

"ಸರಿ ಬಿಡು" ಅಂದಳು ಅಮ್ಮ. "ಅವನೂ ನನ್ನ ಕೇಳಿ ಮುರೀಲಿಲ್ಲ."

ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಹಲ್ಲನ್ನು ತಾನೇ ಕೂರಿಸಿಕೊಂಡಳು. ಕಂಡಕ್ಟರು ಗೋಡೆಯ ಕನ್ನಡಿ ಇಳಿಸಿ ಹಿಡಿದ, ಅವಳು ಅದನ್ನು ನೋಡಲಿಲ್ಲ. "ಎಲ್ಲಿ, ಫೋಟೋ ತೆಗೆದೆ ಅಂದ್ಯಲ್ಲ?" ಎಂದು ಮಗಳ ಫೋನಿಗೆ ಕೈ ಚಾಚಿದಳು.

ಫೋಟೋದಲ್ಲಿ ಅಣ್ಣ ಶಾಲು ಹೊದ್ದು, ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಕಳ್ಳಗಣ್ಣು ಬಿಟ್ಟುಕೊಂಡು ನಿಂತಿದ್ದ. ಅಮ್ಮ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಅವಳ ಬಲಗೈ ಅಭ್ಯಾಸದಂತೆ ಮೇಲೆದ್ದಿತು, ಎದೆಯ ಮಟ್ಟಕ್ಕೆ ಬಂತು, ಅಲ್ಲಿಂದ ಕೆಳಗಿಳಿದು ಮಡಿಲಲ್ಲಿ ಕೂತಿತು.

"ಚರಂಡಿಯಿಂದ ಎದ್ದಾಗಲೂ ಹೀಗೇ ಇತ್ತು ಕಣೇ ಇವನ ಮುಖ!" ಅಂದಳು. ಆಮೇಲೆ, ಮೆಟ್ಟಿಲ ಮೇಲೆ ಅರ್ಧಕ್ಕೆ ನಿಂತಿದ್ದ ನಗುವನ್ನು ಅಲ್ಲಿಂದಲೇ ಎತ್ತಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ, ಪೂರ್ತಿ ನಕ್ಕಳು.